ಇರುಳಿಲ್ಲದ ಊರಿನ ಕಾವಲು

ನನ್ನಲ್ಲಿ ಆಪ್ತಸಮಾಲೋಚನೆಗೆ ಬಂದ ವ್ಯಕ್ತಿಯ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿ ಈ ಪ್ರಕರಣವನ್ನು ಬರೆಯುತ್ತಿದ್ದೇನೆ. ಅವರು ಯುರೋಪಿನಲ್ಲಿ ನೆಲೆಸಿರುವ ಕನ್ನಡಿಗ ಕ್ಯಾಮೆರಾ ಸಹಾಯಕರು. ವನ್ಯಜೀವಿ ಚಿತ್ರವೊಂದರ ಚಿತ್ರೀಕರಣಕ್ಕಾಗಿ ಮೇ ತಿಂಗಳಲ್ಲಿ ನಾರ್ವೆಯ ಸ್ವಾಲ್ಬಾರ್ಡ್ ದ್ವೀಪಗಳಿಗೆ ಹೋಗಿದ್ದರು. ನಿದ್ರೆ ಬರುತ್ತಿಲ್ಲ, ಸಣ್ಣ ಮಾತಿಗೂ ರೇಗುತ್ತಿದ್ದೇನೆ ಎಂಬುದು ಅವರ ದೂರು. ತಂಡವು ಸಾಮಾನು ತರಲು ಲಾಂಗಿಯರ್‌ಬ್ಯೆನ್ ಪಟ್ಟಣಕ್ಕೆ ಬಂದಾಗ ನಾವು ವಿಡಿಯೊ ಕರೆಯಲ್ಲಿ ಮಾತನಾಡುತ್ತಿದ್ದೆವು.

78 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವ ಆ ಪಟ್ಟಣದಲ್ಲಿ ಏಪ್ರಿಲ್ 20ರ ಸುಮಾರಿನಿಂದ ಆಗಸ್ಟ್ ಮೂರನೆಯ ವಾರದವರೆಗೆ ಸೂರ್ಯ ಮುಳುಗುವುದೇ ಇಲ್ಲ. ನಡುರಾತ್ರಿಯ ತಗ್ಗಿದ, ಮೃದುವಾದ ಬೆಳಕು ಛಾಯಾಗ್ರಾಹಕರಿಗೆ ಬೇಕಾದ್ದರಿಂದ ಚಿತ್ರೀಕರಣ ಆ ಹೊತ್ತಿನಲ್ಲೇ ನಡೆಯುತ್ತಿತ್ತು. ಮಿಕ್ಕ ಹೊತ್ತಿನಲ್ಲಿ ಚಳಿಗೆ ಬೇಗ ಸೋಲುವ ಬ್ಯಾಟರಿಗಳನ್ನು ಅಂಗಿಯೊಳಗೆ ಮೈಗೆ ಒತ್ತಿಕೊಂಡು ಬೆಚ್ಚಗಿಡುವುದು, ಲೆನ್ಸಿನೊಳಗೆ ತೇವ ಕಟ್ಟದಂತೆ ಕ್ಯಾಮೆರಾವನ್ನು ಹೊರಗೇ ಚೀಲದಲ್ಲಿ ಬಿಗಿದು ಬಳಿಕ ಒಳಗೆ ತರುವುದು, ಅದರ ಮೇಲೆ ಡೇರೆಗಳ ಬಳಿ ಸರದಿಯಂತೆ ಹಿಮಕರಡಿಯ ಕಾವಲು.

ಮೂರನೆಯ ಭೇಟಿಯಲ್ಲಿ ಅರ್ಧ ಗಂಟೆ ಬ್ಯಾಟರಿ, ಕೈಗವಸುಗಳ ಮಾತೇ ಆಯಿತು. ನಾನು ಅಡ್ಡಿ ಮಾಡಲಿಲ್ಲ. ಕೊನೆಗೆ ಅವರು, "ಮೇಡಂ, ಇಲ್ಲಿ ಕತ್ತಲಾಗೋದೇ ಇಲ್ಲ. ಇವತ್ತಿಗೆ ಸಾಕು, ಮಲಗು ಅಂತ ಯಾರೂ ಹೇಳಲ್ಲ" ಎಂದರು. ಬಹಳ ಹೊತ್ತು ಸುಮ್ಮನಿದ್ದು, "ಮೊನ್ನೆ ಕಾವಲಿನಲ್ಲಿ ನನಗೆ ನಿದ್ದೆ ಬಂದುಬಿಡ್ತು" ಎಂದರು. ಡೇರೆಗಳಲ್ಲಿ ನಾಲ್ವರು ಮಲಗಿದ್ದರು. ಬಂದೂಕು ಇವರ ಮಡಿಲಲ್ಲಿತ್ತು. ಕಣ್ಣು ತೆರೆದಾಗ ಇಪ್ಪತ್ತು ನಿಮಿಷ ಕಳೆದಿತ್ತು. ಕರಡಿ ಬಂದಿರಲಿಲ್ಲ. ಅವರು ಯಾರಿಗೂ ಹೇಳಿರಲಿಲ್ಲ.

ಇಂದೇ ಸುರಕ್ಷತೆಯ ಹೊಣೆ ಹೊತ್ತವರಿಗೆ ತಿಳಿಸಿ, ಒಂದು ವಾರದಲ್ಲಿ ಎಷ್ಟು ಗಂಟೆ ಮಲಗಿದ್ದೀರಿ ಎಂಬುದನ್ನೂ ಹೇಳಿ, ನಿದ್ರೆ ಸರಿಹೋಗುವವರೆಗೆ ಕಾವಲಿಗೆ ಕೂರಬೇಡಿ, ಪಟ್ಟಣದ ವೈದ್ಯರನ್ನು ಕಾಣಿ ಎಂದೆ. ಕಣ್ಣಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು, ಆಕಾಶವನ್ನು ನೋಡದೆ ಗಡಿಯಾರವನ್ನು ನೋಡಿ ಊಟಕ್ಕೂ ನಿದ್ರೆಗೂ ಹೊತ್ತು ಗೊತ್ತುಮಾಡಿಕೊಳ್ಳುವಂತೆಯೂ ಸೂಚಿಸಿದೆ.

ಕೆಲಸಕ್ಕೆ ಕುತ್ತು ತರುವ ಸಲಹೆ ಕೊಡುವ ಬದಲು ಮೊದಲು ಅವರ ತಪ್ಪಿತಸ್ಥ ಭಾವವನ್ನು ಇಳಿಸಬೇಕಿತ್ತು ಎಂದು ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ನಾನು ಒಪ್ಪುವುದಿಲ್ಲ. ಅಳತೆ ಮೀರಿ ತಮ್ಮನ್ನೇ ಹಳಿದುಕೊಳ್ಳುವವರ ಭಾರವನ್ನು ಇಳಿಸುವುದೇ ನನ್ನ ನಿತ್ಯದ ಕೆಲಸ. ಆದರೆ ಇಲ್ಲಿ ಆ ಭಾರ ಹೇಳುತ್ತಿದ್ದುದು ನಿಜವನ್ನೇ. ಸಮಾಧಾನ ಹೇಳಿ ಅವರನ್ನು ಅದೇ ಕಾವಲಿಗೆ ಕಳಿಸಿದ್ದರೆ ಆ ನಾಲ್ವರಿಗೆ ನಾನು ಅನ್ಯಾಯ ಮಾಡಿದಂತಾಗುತ್ತಿತ್ತು. ರಾತ್ರಿಯೆಲ್ಲ ದುಡಿದವರನ್ನೇ ಕಾವಲಿಗೂ ಕೂರಿಸಿದ ವೇಳಾಪಟ್ಟಿಯ ದೋಷ ದೊಡ್ಡದು, ಅದನ್ನೂ ಅವರಿಗೆ ಸ್ಪಷ್ಟವಾಗಿ ಹೇಳಿದೆ. ರಾತ್ರಿಪಾಳಿಯ ದಾದಿಯರಿಂದ, ಚಾಲಕರಿಂದ ಇಂಥದ್ದೇ ಮಾತನ್ನು ಪದೇ ಪದೇ ಕೇಳಿದ್ದೇನೆ. ಇವರ ಮನೆಯವರು ಪ್ರತಿ ಕರೆಯಲ್ಲೂ ಚಳಿಯ ಬಗ್ಗೆ ಕೇಳುತ್ತಿದ್ದರು, ಇವರು ಹಿಮದ ಚಿತ್ರಗಳನ್ನು ಕಳಿಸುತ್ತಿದ್ದರು. ದೂರದ ಕೆಲಸದಲ್ಲಿರುವ ಮಕ್ಕಳನ್ನು ನಿನ್ನೆ ಎಷ್ಟು ಹೊತ್ತು ಮಲಗಿದೆ ಎಂದೂ ದಯವಿಟ್ಟು ಕೇಳಿ.

ಅವರು ಸುರಕ್ಷತೆಯ ಹೊಣೆ ಹೊತ್ತವರಿಗೆ ವಿಷಯ ಹೇಳಿದರು. ಕಾವಲಿಗೆ ಇಬ್ಬರನ್ನು ನೇಮಿಸಲಾಯಿತು, ರಾತ್ರಿ ಚಿತ್ರೀಕರಿಸಿದವರಿಗೆ ವಿನಾಯಿತಿ ಸಿಕ್ಕಿತು. ಮುಂದಿನ ಚಿತ್ರಕ್ಕೆ ಮಾತ್ರ ಆ ಸಂಸ್ಥೆ ಅವರನ್ನು ಕರೆಯಲಿಲ್ಲ. ಎರಡಕ್ಕೂ ಸಂಬಂಧವಿದೆಯೋ ಇಲ್ಲವೋ ಅವರಿಗೂ ತಿಳಿಯದು. ಆ ಸುದ್ದಿ ಕೇಳಿದಂದಿನಿಂದ ನನ್ನ ಸಲಹೆಯನ್ನು ಹಲವು ಬಾರಿ ತೂಗಿ ನೋಡಿದ್ದೇನೆ. ಈಗಲೂ ಅದನ್ನೇ ಕೊಡುತ್ತೇನೆ.