ಹುದುಗಿಸಿದ ಕಾಳು: ವಾಸನೆಯನ್ನು ನಂಬಬಹುದೇ?

ಪ್ರಶ್ನೆ: ನೆನೆಸಿ ಬೇಯಿಸಿದ ಕೆಂಪು ರಾಜ್ಮಾವನ್ನು ಉಪ್ಪುನೀರಿನಲ್ಲಿ ಮುಳುಗಿಸಿ ಜಾಡಿಯಲ್ಲಿ ಹುದುಗಲು ಇಟ್ಟಿದ್ದೆ. ಮೂರನೆಯ ದಿನ ಮೇಲೆ ತೆಳುವಾದ ಬಿಳಿ ಪದರ ಕಟ್ಟಿದೆ, ಆದರೆ ಕೆಟ್ಟ ವಾಸನೆಯಿಲ್ಲ. ತಿನ್ನಬಹುದೇ? ಹುದುಗಿಸಿದರೆ ಬೀಜದ ನಂಜೆಲ್ಲ ಹೋಗುತ್ತದೆ ಎನ್ನುತ್ತಾರಲ್ಲ, ಅದು ನಿಜವೇ?

ಉತ್ತರ: ಎರಡನೆಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ನನಗೆ ಹೆಚ್ಚು ಆತಂಕ ತಂದಿರುವುದು ಆ ನಂಬಿಕೆ. ಹುದುಗಿಸುವುದರಿಂದ ಬೀಜದ ಫೈಟಿಕ್ ಆಮ್ಲ ತಗ್ಗಿ, ಕಬ್ಬಿಣ ಮತ್ತು ಸತುವು ದೇಹಕ್ಕೆ ಸುಲಭವಾಗಿ ದಕ್ಕುತ್ತವೆ ಎಂಬುದು ನಿಜ. ಆದರೆ ರಾಜ್ಮಾದಲ್ಲಿ ಸಹಜವಾಗಿಯೇ ಇರುವ ಲೆಕ್ಟಿನ್ ಎಂಬ ನಂಜನ್ನು ಕಳೆಯುವ ಕೆಲಸವನ್ನು ಹುದುಗಿಗೆ ಬಿಡಬಾರದು. ಕಾಳನ್ನು ಕನಿಷ್ಠ 5 ಗಂಟೆ ನೆನೆಸಿ, ಆ ನೀರನ್ನು ಚೆಲ್ಲಿ, ಹೊಸ ನೀರಿನಲ್ಲಿ ಅರ್ಧ ಗಂಟೆ ಚೆನ್ನಾಗಿ ಕುದಿಸಬೇಕು. ಕುದಿಯದ ಮಂದ ಬಿಸಿಯಲ್ಲಿ ಕಾಳು ಮೆತ್ತಗಾದರೂ ನಂಜು ಉಳಿದಿರಬಹುದು. ನೆಲಗಡಲೆಗೆ ಬೂಷ್ಟು ಹಿಡಿದಾಗ ಸೇರಿಕೊಳ್ಳುವ ಅಫ್ಲಾಟಾಕ್ಸಿನ್ ಎಂಬ ನಂಜು ಅಂತೂ ಸಾಮಾನ್ಯ ಅಡುಗೆಯ ಬಿಸಿಗೆ ಪೂರ್ತಿ ನಾಶವಾಗುವುದಿಲ್ಲ. ಹರಳು ಬೀಜ ಮತ್ತು ಕಹಿ ಬಾದಾಮಿಗಳನ್ನು ಮನೆಯ ಪ್ರಯೋಗಕ್ಕೆ ಮುಟ್ಟಲೇಬೇಡಿ.

ಈಗ ನಿಮ್ಮ ಜಾಡಿಯ ವಿಚಾರ. ಹಸಿ ತರಕಾರಿಯ ಮೇಲೆ ಹುಳಿ ತರುವ ಬ್ಯಾಕ್ಟೀರಿಯಾ ತಾನಾಗಿಯೇ ಇರುತ್ತದೆ, ಬೆಂದ ಕಾಳಿನಲ್ಲಿ ಅದು ಸತ್ತುಹೋಗಿರುತ್ತದೆ. ಆದರೆ ಬೊಟುಲಿಸಂ ಎಂಬ ಮಾರಕ ನಂಜುರೋಗಕ್ಕೆ ಕಾರಣವಾಗುವ ಬ್ಯಾಕ್ಟೀರಿಯಾದ ಬೀಜಕಗಳು ಕುದಿಯುವ ನೀರನ್ನೂ ತಾಳಿಕೊಂಡು ಉಳಿಯಬಲ್ಲವು, ಮತ್ತು ಉಪ್ಪುನೀರಿನಡಿಯ ಗಾಳಿಯಿಲ್ಲದ ಜಾಗ ಅವುಗಳಿಗೆ ಬೇಕಾದದ್ದೇ. ಆದ್ದರಿಂದ ಬೇಯಿಸಿದ ಕಾಳಿಗೆ, ಚೆನ್ನಾಗಿ ಹುಳಿ ಬಂದಿರುವ ಇನ್ನೊಂದು ಜಾಡಿಯ ನೀರನ್ನೋ ಸಿದ್ಧ ಹೆಪ್ಪನ್ನೋ ಸೇರಿಸಿ, ಹುಳಿ ಬೇಗ ಏರುವಂತೆ ಮಾಡುವುದು ಅತ್ಯಗತ್ಯ. ಹುಳಿಯ ಅಳತೆಯಾದ ಪಿಎಚ್ (ಹುಳಿ ಏರಿದಷ್ಟೂ ಇದರ ಅಂಕಿ ಇಳಿಯುತ್ತದೆ) 4.6ಕ್ಕಿಂತ ಕೆಳಗಿಳಿದರೆ ಆ ಬ್ಯಾಕ್ಟೀರಿಯಾ ಬೆಳೆಯಲಾರದು. ಇದನ್ನು ಅಳೆಯಲು ಪಿಎಚ್ ಕಾಗದದ ಪಟ್ಟಿ ಸಾಕು.

ನೀವು ಹೇಳುವ ಬಿಳಿ ಪದರ ಬಹುಶಃ ಒಂದು ಬಗೆಯ ಯೀಸ್ಟ್. ಅದು ತಾನಾಗಿ ವಿಷಕಾರಿಯಲ್ಲದಿದ್ದರೂ ಆಮ್ಲವನ್ನೇ ಉಂಡು ಬೆಳೆಯುವುದರಿಂದ ಜಾಡಿಯ ಹುಳಿಯನ್ನು ಕ್ರಮೇಣ ಇಳಿಸಿಬಿಡುತ್ತದೆ. ಪದರದ ಮೇಲೆ ಗುಲಾಬಿ, ಹಸಿರು ಅಥವಾ ಕಪ್ಪು ಬಣ್ಣದ ನವಿರು ಕಂಡರೆ ಮೇಲ್ಭಾಗವನ್ನಷ್ಟೇ ತೆಗೆದು ಉಳಿದದ್ದನ್ನು ಬಳಸಬೇಡಿ, ಪೂರ್ತಿ ಚೆಲ್ಲಿ. ಹೆಪ್ಪು ಸೇರಿಸದೆ, ಪಿಎಚ್ ಅಳೆಯದೆ ಇಟ್ಟ ಜಾಡಿಯಾದರೆ ಬಣ್ಣ ಹೇಗಿದ್ದರೂ ಚೆಲ್ಲುವುದೇ ಸರಿ. ಒಂದು ಬಟ್ಟಲು ಕಾಳಿಗಾಗಿ ಪ್ರಾಣವನ್ನು ಪಣಕ್ಕಿಡಬೇಡಿ.

ವಾಸನೆ ಚೆನ್ನಾಗಿದೆ ಎಂಬುದು ಸಾಕ್ಷಿಯಲ್ಲ. 2020ರ ಅಕ್ಟೋಬರ್‌ನಲ್ಲಿ ಚೀನಾದ ಹೆಯ್ಲಾಂಗ್‌ಜಿಯಾಂಗ್ ಪ್ರಾಂತ್ಯದಲ್ಲಿ, ಹುದುಗಿಸಿದ ಜೋಳದ ಹಿಟ್ಟಿನಿಂದ ಮನೆಯಲ್ಲೇ ಮಾಡಿ ಸುಮಾರು ಒಂದು ವರ್ಷ ಫ್ರೀಜರಿನಲ್ಲಿ ಇಟ್ಟಿದ್ದ ನೂಡಲ್ಸ್ ತಿಂದ 9 ಮಂದಿ ತೀರಿಕೊಂಡರು. ಕಾರಣ ಬಾಂಗ್‌ಕ್ರೆಕಿಕ್ ಆಮ್ಲ ಎಂಬ, ಬ್ಯಾಕ್ಟೀರಿಯಾ ಉಂಟುಮಾಡುವ ವಿಷ. ಅದಕ್ಕೆ ರುಚಿಯೂ ಇಲ್ಲ, ವಾಸನೆಯೂ ಇಲ್ಲ. ಕುದಿಸಿದರೂ ಹೋಗುವುದಿಲ್ಲ, ಅದಕ್ಕೆ ಪ್ರತ್ಯೌಷಧವೂ ಇಲ್ಲ. ಜಾವಾ ದ್ವೀಪದಲ್ಲಿ ತೆಂಗಿನ ಹಿಂಡಿಯನ್ನು ಹುದುಗಿಸಿ ಮಾಡುತ್ತಿದ್ದ ತಿನಿಸಿನಲ್ಲೂ ಇದೇ ವಿಷ ಅನೇಕರ ಜೀವ ತೆಗೆದಿತ್ತು.

ಸೋಯಾ ಕಾಳನ್ನು ಹುದುಗಿಸಿ ಮಾಡುವ ಜಪಾನಿ ತಿನಿಸಾದ ನಾಟೊ ತಿನ್ನುವ ಆಸೆಯಿದ್ದರೆ ಒಂದು ಮಾತು: ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಸೇವಿಸುವವರು ಅದನ್ನು ಬಿಡಬೇಕು, ಅದರಲ್ಲಿ ಹೇರಳವಾಗಿರುವ ವಿಟಮಿನ್ ಕೆ ಔಷಧದ ಪರಿಣಾಮವನ್ನು ತಗ್ಗಿಸುತ್ತದೆ.

ಹುದುಗಿಸಿದ ಕಾಳು ತಿಂದ ಮೇಲೆ ಕೆಲವು ಗಂಟೆಗಳಲ್ಲಿಯಾಗಲಿ, ಕೆಲವು ದಿನಗಳ ಬಳಿಕವಾಗಲಿ, ಒಂದು ವಸ್ತು ಎರಡಾಗಿ ಕಂಡರೆ, ರೆಪ್ಪೆ ಜೋತುಬಿದ್ದರೆ ಅಥವಾ ನುಂಗಲು ಕಷ್ಟವಾದರೆ ಅದು ಬೊಟುಲಿಸಂ ಇರಬಹುದು; ಕಾಯದೆ ಆಸ್ಪತ್ರೆಗೆ ಹೋಗಿ, ಉಳಿದ ಕಾಳನ್ನು ಜಾಡಿಯ ಸಮೇತ ವೈದ್ಯರಿಗೆ ತೋರಿಸಿ.