ಮನೆ ಮಾತು: ಕ್ಯಾತ್ಸಂದ್ರದ ಲೀಸ್ ಮನೆಗೆ ಹೋಗೋದಾ, ಚಿಕ್ಕಪೇಟೆಲೇ ಇರೋದಾ?

ಪ್ರಶ್ನೆ: ಅಕ್ಕ, ನಾವು ತುಮಕೂರು ಚಿಕ್ಕಪೇಟೆಲಿ 9,000 ಬಾಡಿಗೆ ಕೊಟ್ಕೊಂಡು ಇದೀವಿ, ನಾಲ್ಕು ಜನ. ಮನೆಗೆ ಬಿಸಿಲೇ ಬರಲ್ಲ, ಗಾಡಿ ನಿಲ್ಸೋಕೆ ದಿನಾ ಜಗಳ, ಆದ್ರೆ ಎಲ್ಲಾ ನಡ್ಕೊಂಡು ಹೋಗೋ ದೂರದಲ್ಲಿದೆ. ನಮ್ಮನೆಯವರು ಬೆಳಗ್ಗೆ ಟ್ರೈನಲ್ಲಿ ಯಶವಂತಪುರಕ್ಕೆ ಹೋಗ್ತಾರೆ, ನಾನು ಅಶೋಕ ರಸ್ತೆ ಅಂಗಡಿಯೊಂದ್ರಲ್ಲಿ ಲೆಕ್ಕ ಬರೀತೀನಿ. ಈಗ ಕ್ಯಾತ್ಸಂದ್ರದಲ್ಲಿ ಗಾಳಿ ಬೆಳಕಿರೋ ಮಹಡಿ ಮನೆ, 8 ಲಕ್ಷಕ್ಕೆ ಮೂರು ವರ್ಷ ಲೀಸ್ ಅಂತಿದಾರೆ, ತಿಂಗಳ ಬಾಡಿಗೆ ಇಲ್ಲ, ಖಾಲಿ ಮಾಡೋವಾಗ ದುಡ್ಡು ವಾಪಸ್. 5 ಲಕ್ಷ ಕೈಲಿದೆ, ಇನ್ನು 3 ಲಕ್ಷಕ್ಕೆ ಒಡವೆ ಅಡ ಇಡ್ಬೇಕು. ಬಾಡಿಗೆ ಉಳಿಯುತ್ತೆ ಅಂತ ಇವರು, ಊರಾಚೆ ಯಾಕೆ ಅಂತ ಅತ್ತೆ. ಏನ್ ಮಾಡ್ಲಿ?

ಉತ್ತರ: ಕ್ಯಾತ್ಸಂದ್ರ ಅಂದ್ರೆ ನಂಗೆ ಮೊದಲು ತಟ್ಟೆ ಇಡ್ಲಿನೇ ನೆನಪಾಗೋದು, ಅದನ್ನ ಪಕ್ಕಕ್ಕಿಟ್ಟು ಹೇಳ್ತೀನಿ ಕೇಳಮ್ಮ. ಬಾಡಿಗೆ ಪೂರ್ತಿ ಉಳಿಯಲ್ಲ. ನಿಮ್ಮ 5 ಲಕ್ಷ ಬ್ಯಾಂಕಲ್ಲಿ ಎಫ್‌ಡಿ ಇಟ್ರೆ ನೂರಕ್ಕೆ 7ರ ಲೆಕ್ಕದಲ್ಲಿ ವರ್ಷಕ್ಕೆ 35,000 ಬರುತ್ತೆ ಅಂದ್ಕೊಳ್ಳಿ, ಅದು ನಿಂತ್ ಹೋಗುತ್ತೆ, ಒಡವೆ ಸಾಲಕ್ಕೆ ನೂರಕ್ಕೆ 10 ಅಂದ್ರೂ 30,000 ಬಡ್ಡಿ ಕಟ್ತೀರ, ಎರಡೂ ಸೇರಿ 65,000, ಅಂದ್ರೆ ತಿಂಗಳಿಗೆ ಹತ್ರ ಹತ್ರ 5,400. 9,000ದಲ್ಲಿ ನಿಜವಾಗಿ ಉಳಿಯೋದು 3,600. ಇದರಲ್ಲೇ ಗಾಡಿ ಪೆಟ್ರೋಲು, ಬೇಸಿಗೆ ಟ್ಯಾಂಕರ್ ಎಲ್ಲಾ ಹೋಗ್ಬೇಕು.

ಓಡಾಟದ ವಿಷ್ಯ ನಿಮಗೇನೂ ಕಷ್ಟ ಇಲ್ಲ, ಬಿ.ಎಚ್. ರಸ್ತೆಲಿ ಬಟವಾಡಿ ಮೇಲೆ ಬಸ್ಸು ಸಿಗುತ್ತೆ, ಶಕ್ತಿ ಯೋಜನೆಲಿ ಹೆಂಗಸ್ರಿಗೆ ಸರ್ಕಾರಿ ಬಸ್ಸು ಫ್ರೀ, ಟಿಕೆಟ್ ದುಡ್ಡೂ ಇಲ್ಲ. ನಿಮ್ಮ ಯಜಮಾನ್ರದ್ದೇ ನೋಡ್ಬೇಕು. ಕ್ಯಾತ್ಸಂದ್ರದಲ್ಲೇ ಸ್ಟೇಷನ್ ಇದೆ ನಿಜ, ಆದ್ರೆ ಎಕ್ಸ್‌ಪ್ರೆಸ್‌ಗಳು ಬಹುತೇಕ ಅಲ್ಲಿ ನಿಲ್ಲಲ್ಲ, ಪ್ಯಾಸೆಂಜರ್ ಟೈಮು ಅವರ ಡ್ಯೂಟಿಗೆ ಹೊಂದ್ಲಿಲ್ಲ ಅಂದ್ರೆ ಬೆಂಗಳೂರಿಗೆ ಹೋಗೋಕೆ ದಿನಾ ತುಮಕೂರಿಗೆ ವಾಪಸ್ ಬರೋ ಕಥೆ ಆಗುತ್ತೆ. ಶಿವರಾತ್ರಿ ಟೈಮಲ್ಲಿ ಸಿದ್ಧಗಂಗಾ ಜಾತ್ರೆ ಜನಾನೂ ಲೆಕ್ಕಕ್ಕೆ ಇಟ್ಕೊಳ್ಳಿ.

ನಾನಾಗಿದ್ರೆ ಎಲ್ಲಕ್ಕಿಂತ ಮೊದಲು ನೀರು ಕೇಳ್ತಿದ್ದೆ. ನಮ್ಮೂರಿಗೆ ಬುಗುಡನಹಳ್ಳಿ ಕೆರೆಗೆ ಹರಿಸೋ ಹೇಮಾವತಿ ನೀರೇ ಆಧಾರ, ಅದು ನಲ್ಲಿಲಿ ದಿನಾ ಬರುತ್ತೆ ಅಂತ ನಂಬ್ಕೊಂಡು ಹೋಗ್ಬೇಡಿ. ಸಂಪು ಎಷ್ಟು ಲೀಟರ್, ಎಷ್ಟು ಮನೆಗೆ ಅಂತ ಕೇಳಿ. ನಾಲ್ಕು ಜನಕ್ಕೆ ದಿನಕ್ಕೆ 400 ಲೀಟರ್ ಅಂದ್ರೆ 5,000 ಲೀಟರ್ ಸಂಪು ಒಂದೇ ಮನೆಗೆ 12 ದಿನ ಬರುತ್ತೆ, ಅದೇ ಮೂರು ಮನೆ ಹಂಚ್ಕೊಂಡ್ರೆ ನಾಲ್ಕು ದಿನ ಅಷ್ಟೇ. ಓನರ್ ಹತ್ರ ಕೇಳಿದ್ರೆ ನೀರಿಗೇನ್ ತೊಂದ್ರೆ ಇಲ್ಲ ಅಂತಾನೇ ಅನ್ನೋದು, ಪಕ್ಕದ ಮನೆ ಹೆಂಗಸ್ರನ್ನ ಕೇಳಿ, ಅದೂ ಏಪ್ರಿಲ್‌ಲಿ ಹೆಂಗಿತ್ತು ಅಂತ.

ಆಮೇಲೆ ಕಾಗದ. ಬರೀ ಸ್ಟಾಂಪ್ ಪೇಪರ್ ಮೇಲೆ ಬರೆಸ್ಕೊಂಡು 8 ಲಕ್ಷ ಕೊಡ್ಬೇಡಿ. ಒಂದು ವರ್ಷಕ್ಕಿಂತ ಜಾಸ್ತಿ ಅವಧಿಯ ಲೀಸ್ ಅಂದ್ರೆ ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ನೋಂದಣಿ ಆಗ್ಲೇಬೇಕು. ಖರ್ಚಾಗುತ್ತೆ ಅಂತ ಓನರ್ ಗೊಣಗ್ತಾರೆ, ಗೊಣಗ್ಲಿ. ನೋಂದಣಿ ಇಲಾಖೆಯ ಕಾವೇರಿ ಆನ್‌ಲೈನಲ್ಲಿ ಇಸಿ, ಅಂದ್ರೆ ಆ ಮನೆ ಮೇಲೆ ಸಾಲ ಗೀಲ ಇದೆಯಾ ಅಂತ ತೋರ್ಸೋ ಋಣಭಾರ ಪತ್ರ ತೆಗೆಸಿ, ಆದ್ರೆ ಪತ್ರ ಬ್ಯಾಂಕಲ್ಲಿ ಅಡ ಇಟ್ಟಿರೋದು ಕೆಲವು ಸಲ ಇಸಿಲಿ ಕಾಣ್ಸಲ್ಲ, ಅದಕ್ಕೆ ಒರಿಜಿನಲ್ ಪತ್ರ ಕಣ್ಣಾರೆ ನೋಡ್ಬೇಕು ಅನ್ನಿ. ಜೆರಾಕ್ಸ್ ಮಾತ್ರ ತೋರಿಸಿದ್ರೆ ಅಲ್ಲಿಂದ ಎದ್ದು ಬನ್ನಿ. ಓನರ್ ಸಾಲ ಕಟ್ಟದೆ ಬ್ಯಾಂಕಿನವರು ಮನೆ ಹರಾಜಿಗೆ ಹಾಕಿದ್ರೆ ಬೀದಿಗೆ ಬರೋದು ನೀವು. ದುಡ್ಡು ಚೆಕ್ಕಲ್ಲೋ ಆರ್‌ಟಿಜಿಎಸ್‌ಲೋ ಕೊಡಿ, ಕ್ಯಾಶ್ ಬೇಡ್ವೇ ಬೇಡ.

ಟ್ರೈನು, ನೀರು, ಕಾಗದ ಮೂರೂ ಸರಿ ಇದ್ರೆ ಹೋಗಿ, ಬೆಳಕಿಲ್ಲದ ಮನೇಲಿ ಎಷ್ಟು ವರ್ಷ ಅಂತ ಇರ್ತೀರ. ಆದ್ರೆ ಒಡವೆ ಮಾತ್ರ ಅಡ ಇಡ್ಬೇಡಿ ಅಂತೀನಿ, 5 ಲಕ್ಷ ಲೀಸು, ಉಳಿದಿದ್ದಕ್ಕೆ ತಿಂಗಳಿಗೆ ಸ್ವಲ್ಪ ಬಾಡಿಗೆ ಅಂತ ಕೇಳಿ ನೋಡಿ, ಎಷ್ಟೋ ಓನರ್‌ಗಳು ಒಪ್ತಾರೆ.

ಪ್ರಶ್ನೆ: ಮೇಡಂ, ಶೆಟ್ಟಿಹಳ್ಳಿಗೆ ಮನೆ ಬದಲಾಯಿಸಿದೀವಿ, ಗೃಹಜ್ಯೋತಿ ಹಳೇ ಮನೆ ಮೀಟರಿಗೇ ಇದೆ, ಇಲ್ಲಿ ಬಿಲ್ ಬರ್ತಿದೆ.

ಉತ್ತರ: ಮೊದಲು ಸರ್ಕಾರದ ಸೇವಾ ಸಿಂಧು ವೆಬ್‌ಸೈಟಲ್ಲಿ ಹಳೇ ಮನೆಯಿಂದ ನಿಮ್ಮ ಆಧಾರ್ ಡಿಲಿಂಕ್ ಮಾಡಿಸಿ, ಆಮೇಲೆ ಹೊಸ ಮನೆ ಕರೆಂಟ್ ಬಿಲ್ಲಲ್ಲಿರೋ ಆರ್‌ಆರ್ ನಂಬರಿಗೆ ಸೇರಿಸಿ, ಬಾಡಿಗೆದಾರರಿಗೂ ಇದು ಸಿಗುತ್ತೆ. 200 ಯೂನಿಟ್ ಪೂರ್ತಿ ಫ್ರೀ ಅಂದ್ಕೊಂಡು ಗೀಸರ್ ಉರಿಸ್ಬೇಡಿ, ಆ ಮೀಟರಿನ ಹಳೇ ಸರಾಸರಿ ನೋಡಿ ಮಿತಿ ಹಾಕಿರ್ತಾರೆ, 200 ದಾಟಿದ್ರೆ ಇಡೀ ಬಿಲ್ ನೀವೇ ಕಟ್ಬೇಕು.

ಪ್ರಶ್ನೆ: ಹನ್ನೊಂದೇ ತಿಂಗಳಿದ್ದು ಖಾಲಿ ಮಾಡಿದ್ವಿ, ಪೇಂಟಿಂಗ್ ಅಂತ ಎರಡು ತಿಂಗಳ ಬಾಡಿಗೆ ಅಡ್ವಾನ್ಸಲ್ಲಿ ಹಿಡ್ಕೊಂಡ್ರು. ಇದು ಸರೀನಾ?

ಉತ್ತರ: ಸರಿ ಅಲ್ಲ, ಆದ್ರೆ ಅಗ್ರಿಮೆಂಟಲ್ಲಿ ಏನ್ ಬರ್ದಿದೆ ಮೊದಲು ಓದಿ. ಒಂದು ತಿಂಗಳದ್ದು ಅಂತ ಇದ್ರೆ ಇನ್ನೊಂದು ತಿಂಗಳದ್ದು ಧೈರ್ಯವಾಗಿ ಕೇಳಿ, ಏನೂ ಬರ್ದಿಲ್ಲ ಅಂದ್ರೆ ಪೇಂಟರ್ ಬಿಲ್ ಕೊಡಿ ಅನ್ನಿ, ಬಿಲ್ ಅಂದ ತಕ್ಷಣ ಅರ್ಧ ಜನ ಮೆತ್ತಗಾಗ್ತಾರೆ. ಮುಂದಿನ ಮನೆಗೆ ಹಾಲು ಉಕ್ಕಿಸೋಕೆ ಮುಂಚೆ ಗೋಡೆ, ನಲ್ಲಿ, ಬಾತ್‌ರೂಮ್ ಬಾಗಿಲು ಎಲ್ಲಾ ಒಂದು ವಿಡಿಯೋ ಮಾಡಿ ಓನರ್ ವಾಟ್ಸಾಪಿಗೇ ಕಳ್ಸಿಬಿಡಿ.