ಡಾಕ್ಟರಮ್ಮನಿಗೆ ಪತ್ರ: ಹೆತ್ತವರೇ ಮಾಡಿಸಿದರೆ ಸರ್ಕಾರ ಏನು ಮಾಡೀತು?

ಪ್ರಶ್ನೆ: ಡಾಕ್ಟರಮ್ಮ, ಸುಡಾನ್‌ನಲ್ಲಿ ಹೆಣ್ಣುಮಕ್ಕಳ ಜನನಾಂಗ ಛೇದನ 2020ರಲ್ಲಿ ಅಪರಾಧವಾಯಿತು ಎಂದು ಓದಿದೆ. ನೀವು ಅಲ್ಲಿ ಕೆಲಸ ಮಾಡಿದ್ದಾಗಿ ಹಿಂದೊಮ್ಮೆ ಬರೆದಿದ್ದಿರಿ. ತಾಯಿ, ಅಜ್ಜಿಯರೇ ಮುಂದೆ ನಿಂತು ಮಾಡಿಸುವುದನ್ನು ಸರ್ಕಾರ ಒಂದು ಕಾನೂನಿನಿಂದ ನಿಲ್ಲಿಸಲು ಆಗುತ್ತದೆಯೇ?
– ಪದವಿ ವಿದ್ಯಾರ್ಥಿನಿ

ಉತ್ತರ: ಹೌದಮ್ಮ, ಖಾರ್ಟೂಮ್ ಬಳಿಯ ಒಂದು ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ನಾಲ್ಕು ವರ್ಷ ಇದ್ದೆ. 2005ರ ಒಂದು ರಾತ್ರಿ 19 ವರ್ಷದ ಹುಡುಗಿಯನ್ನು ಕರೆತಂದರು. ಚೊಚ್ಚಲ ಹೆರಿಗೆ. ಪರೀಕ್ಷೆ ಮಾಡಲು ಹೋದರೆ ಒಂದು ಬೆರಳೂ ಸಲೀಸಾಗಿ ಹೋಗುವಂತಿರಲಿಲ್ಲ. ಚಿಕ್ಕಂದಿನಲ್ಲೇ ಕತ್ತರಿಸಿ, ಎರಡೂ ಅಂಚು ಸೇರಿಸಿ ಹೊಲಿದುಬಿಟ್ಟಿದ್ದರು. ಅಲ್ಲಿಯವರು ಇದನ್ನು ಫಿರೌನಿ ಎನ್ನುತ್ತಾರೆ. ಗಟ್ಟಿಯಾಗಿ ಕೂಡಿಕೊಂಡಿದ್ದ ಆ ಚರ್ಮವನ್ನು ನಾನು ಬಿಡಿಸಿದ ಮೇಲೆಯೇ ಮಗು ಹೊರಗೆ ಬಂದದ್ದು.

ರಾತ್ರಿಯಿಡೀ ಹುಡುಗಿಯ ಸೊಂಟಕ್ಕೆ ಎಳ್ಳೆಣ್ಣೆ ತಿಕ್ಕುತ್ತಾ ಕೂತಿದ್ದವಳು ಅವಳ ಹಬ್ಬೂಬಾ, ಅಂದರೆ ಅಜ್ಜಿ. ಬೆಳಗಾಗುತ್ತಲೇ ನನ್ನ ಕೈ ಹಿಡಿದು, ‘ಮೊದಲಿದ್ದ ಹಾಗೇ ಹೊಲಿದುಬಿಡಮ್ಮ’ ಎಂದಳು. ಆಗುವುದಿಲ್ಲ ಎಂದೆ. ಅಂಚುಗಳನ್ನು ಬೇರೆಬೇರೆಯಾಗಿ ಹೊಲಿದು ಕಳಿಸಿದೆ. ಎರಡು ವಾರಕ್ಕೆ ಹುಡುಗಿ ಜ್ವರದಿಂದ ಕುದಿಯುತ್ತಾ ಮತ್ತೆ ಬಂದಳು. ಮನೆಗೆ ಸೂಲಗಿತ್ತಿಯನ್ನು ಕರೆಸಿ ಮೊದಲಿನಂತೆಯೇ ಹೊಲಿಸಿದ್ದರು, ಒಳಗೆಲ್ಲ ಕೀವು. ಈ ಮರುಹೊಲಿಗೆಗೆ ಅಲ್ಲಿ ಅದಲ್ ಎನ್ನುತ್ತಾರೆ, ಸರಿಪಡಿಸುವುದು ಎಂಬ ಅರ್ಥ. ಅಜ್ಜಿ ಕಟುಕಿಯಲ್ಲಮ್ಮ. ಹಾಗೇ ಬಿಟ್ಟರೆ ಮೊಮ್ಮಗಳ ಸಂಸಾರ ನಿಲ್ಲುವುದಿಲ್ಲ ಎಂಬ ಹೆದರಿಕೆ ಅವಳಿಗೆ. ಕಾನೂನು ಎದುರು ಹಾಕಿಕೊಳ್ಳಬೇಕಾದದ್ದು ಆ ಹೆದರಿಕೆಯನ್ನು.

ಬರೀ ಶಿಕ್ಷೆಯಿಂದ ಅದು ಹೋಗುವುದಿಲ್ಲ ಎನ್ನುವುದಕ್ಕೆ ಸುಡಾನ್‌ನಲ್ಲೇ ಸಾಕ್ಷಿಯಿದೆ. ಫಿರೌನಿಯನ್ನು ನಿಷೇಧಿಸುವ ಮೊದಲ ಕಾನೂನನ್ನು 1946ರಲ್ಲಿ ಬ್ರಿಟಿಷ್ ಆಡಳಿತ ತಂದಿತ್ತು. ನೀಲ ನೈಲ್ ದಂಡೆಯ ರುಫಾ ಊರಿನಲ್ಲಿ ಮಗಳಿಗೆ ಛೇದನ ಮಾಡಿಸಿದ ತಾಯಿಯನ್ನು ಹಿಡಿದು ಜೈಲಿಗೆ ಹಾಕಿದಾಗ ಊರಿಗೆ ಊರೇ ತಿರುಗಿಬಿತ್ತು. ಮುಂದೆ ನಿಂತವರು ಬ್ರಿಟಿಷರ ವಿರುದ್ಧ ಹೋರಾಡುತ್ತಿದ್ದ ಧಾರ್ಮಿಕ ಚಿಂತಕ ಮಹಮೂದ್ ಮಹಮ್ಮದ್ ತಾಹಾ. ಛೇದನ ಉಳಿಯಲಿ ಎಂಬುದು ಅವರ ವಾದವಲ್ಲ, ಪರದೇಶಿ ಸರ್ಕಾರ ನಮ್ಮ ಹೆಂಗಸರನ್ನು ಜೈಲಿಗೆ ಎಳೆಯಬಾರದು ಎಂಬುದು. ಆದರೆ ಆಚರಣೆಯೇ ಮಾನದ ಪ್ರಶ್ನೆಯಾಗಿಬಿಟ್ಟಿತು. ಮುಂದೆ ಬಂದ ದಂಡಸಂಹಿತೆಗಳಲ್ಲಿ ಆ ಕಲಮೇ ಉಳಿಯಲಿಲ್ಲ. ನಾನಿದ್ದಾಗ ಅದಲ್ ಮಾಡಿದವಳ ಮೇಲೆ ದೂರು ಕೊಡೋಣವೆಂದರೆ ತೋರಿಸಲು ಕಾನೂನೇ ಇರಲಿಲ್ಲ.

ನನ್ನ ಮಟ್ಟಿಗೆ ಅಲ್ಲಿನ ಸರ್ಕಾರ ಮಾಡಿದ ಅತಿ ಜಾಣ ಕೆಲಸ ಒಂದು ಪದಕ್ಕೆ ಸಂಬಂಧಿಸಿದ್ದು. ಛೇದನವಾಗದ ಹುಡುಗಿಯನ್ನು ಅಲ್ಲಿ ಘಲ್ಫಾ ಎಂದು ಕರೆಯುತ್ತಾರೆ. ಅದು ಬೈಗುಳ. ಶಾಲೆಯಲ್ಲಿ, ಬಾವಿಕಟ್ಟೆಯಲ್ಲಿ ಆ ಒಂದು ಮಾತಿಗೆ ಹೆದರಿ, ‘ನನಗೂ ಮಾಡಿಸಿ’ ಎಂದು ಅತ್ತ ಮಕ್ಕಳನ್ನು ನಾನೇ ಕಂಡಿದ್ದೇನೆ. ಅವಳನ್ನು ಹೊಗಳಿ ಕರೆಯಲು ಪದವೇ ಇರಲಿಲ್ಲ. 2008ರಲ್ಲಿ ಅಲ್ಲಿನ ರಾಷ್ಟ್ರೀಯ ಮಕ್ಕಳ ಕಲ್ಯಾಣ ಮಂಡಳಿ ಯುನಿಸೆಫ್ ಜೊತೆ ಸೇರಿ ‘ಸಲೀಮಾ’ ಅಭಿಯಾನ ಶುರುಮಾಡಿತು. ಸಲೀಮಾ ಎಂದರೆ ಪೂರ್ಣಳು, ಊನವಿಲ್ಲದವಳು. ರೇಡಿಯೊ, ಹಾಡು, ಬಣ್ಣಬಣ್ಣದ ಬಟ್ಟೆ ಎಲ್ಲದರಲ್ಲೂ ‘ಪ್ರತಿ ಹೆಣ್ಣುಮಗುವೂ ಸಲೀಮಾ ಆಗಿಯೇ ಹುಟ್ಟುತ್ತಾಳೆ, ಹಾಗೇ ಬೆಳೆಯಲಿ’ ಎಂಬ ಮಾತು. ರಕ್ತ, ಬ್ಲೇಡುಗಳ ಚಿತ್ರ ತೋರಿಸಿ ಹೆದರಿಸುವ ಪೋಸ್ಟರಿಗಿಂತ ಇದು ಎಷ್ಟೋ ಆಳಕ್ಕೆ ಇಳಿಯುತ್ತದೆ ಎಂದು ನನ್ನ ನಂಬಿಕೆ.

ಅದೇ ಸರ್ಕಾರ ಮರುವರ್ಷವೇ, 2009ರಲ್ಲಿ, ಮಕ್ಕಳ ಕಾಯ್ದೆಯ ಕರಡಿನಿಂದ ಛೇದನ ನಿಷೇಧಿಸುವ 13ನೇ ಕಲಮನ್ನು ತೆಗೆದುಹಾಕಿತು. ಅದನ್ನು ನೆನೆದರೆ ಇಂದಿಗೂ ಹೊಟ್ಟೆ ಉರಿಯುತ್ತದೆ. ದೇಶಕ್ಕೆಲ್ಲ ಅನ್ವಯಿಸುವ ಕಾನೂನು ಬರಲು ಇನ್ನೂ 11 ವರ್ಷ ಹಿಡಿಯಿತು. 2020ರ ತಿದ್ದುಪಡಿಯಲ್ಲಿ 3 ವರ್ಷದವರೆಗೆ ಜೈಲು, ಜೊತೆಗೆ ದಂಡ.

ನಿನ್ನ ಪ್ರಶ್ನೆಗೆ ಬರುತ್ತೇನೆ. ಆ ರಾತ್ರಿ ವಾರ್ಡಿನ ಬಾಗಿಲಲ್ಲಿ ಹುಡುಗಿಯ ತಾಯಿಯೂ ನಿಂತಿದ್ದಳು. ‘ನನಗೂ ಬೇಡ, ಆದರೆ ಅತ್ತೆಗೆ ಏನೆಂದು ಹೇಳಲಿ?’ ಎಂದು ನರ್ಸ್ ಕೈಲಿ ಹೇಳಿಸಿದಳು. ಕಾನೂನು ಬೇಕಾಗಿರುವುದು ಇಂಥವಳಿಗಮ್ಮ. ‘ಸೂಲಗಿತ್ತಿ ಜೈಲಿಗೆ ಹೋಗುತ್ತಾಳೆ, ಮಕ್ಕಳ ಅಪ್ಪನೂ ಹೋಗುತ್ತಾನೆ’ ಎಂದು ಅತ್ತೆಯ ಎದುರು ಹೇಳಲು ಅವಳಿಗೊಂದು ಮಾತು ಸಿಗುತ್ತದೆ. ಬೇಡ ಎನ್ನುವ ಮನಸ್ಸನ್ನು ಸಲೀಮಾ ಎಂಬ ಪದ ಹುಟ್ಟಿಸಿದರೆ, ಬೇಡ ಎನ್ನಲು ಕಾನೂನು ಧೈರ್ಯ ಕೊಡುತ್ತದೆ. ಒಂದೇ ಇದ್ದರೆ ಸಾಲದು.

ಅಂದು ಹುಟ್ಟಿದ್ದು ಹೆಣ್ಣುಮಗು. ಅಲ್ಲಿ ಸಾಮಾನ್ಯವಾಗಿ ಹತ್ತು ವರ್ಷ ತುಂಬುವುದರೊಳಗೆ ಮಾಡಿಸಿಬಿಡುತ್ತಾರೆ. ಕಾನೂನು ಬಂದಾಗ ಅವಳಿಗೆ 15.

ಪ್ರಶ್ನೆ: ಹೇಗೂ ನಿಲ್ಲುವುದಿಲ್ಲ ಎಂದಾದರೆ ಆಸ್ಪತ್ರೆಯಲ್ಲಿ ವೈದ್ಯರೇ ಅರಿವಳಿಕೆ ಕೊಟ್ಟು ಮಾಡಿದರೆ ಜೀವವಾದರೂ ಉಳಿಯುವುದಿಲ್ಲವೇ?

ಉತ್ತರ: ಈ ದಾರಿ ಹಿಡಿದು ಕೆಟ್ಟದ್ದು ಈಜಿಪ್ಟ್. 2007ರಲ್ಲಿ ಅಲ್ಲಿನ ಮಿನ್ಯಾ ಪ್ರಾಂತ್ಯದಲ್ಲಿ 12 ವರ್ಷದ ಹುಡುಗಿ ಸತ್ತದ್ದು ಖಾಸಗಿ ಕ್ಲಿನಿಕ್ಕಿನಲ್ಲಿ, ವೈದ್ಯೆಯ ಕೈಯಲ್ಲಿ. ಮರುವರ್ಷ ಕಾನೂನು ಬಂತು, 2016 ಮತ್ತು 2021ರಲ್ಲಿ ಶಿಕ್ಷೆ ಹೆಚ್ಚಿಸಿದರು. ಆದರೂ ಅಲ್ಲಿ ಹೆಚ್ಚಿನ ಛೇದನ ವೈದ್ಯಕೀಯ ಸಿಬ್ಬಂದಿಯಿಂದಲೇ ನಡೆಯುತ್ತಿದೆ. ಬಿಳಿ ಕೋಟು ಹಾಕಿದವರು ಮಾಡಿದರೆ ತಾಯಂದಿರು ಅದನ್ನು ಚಿಕಿತ್ಸೆ ಎಂದುಕೊಳ್ಳುತ್ತಾರೆ. ಆರೋಗ್ಯವಾಗಿರುವ ಅಂಗವನ್ನು ಕತ್ತರಿಸಲು ಯಾವ ವೈದ್ಯಕೀಯ ಕಾರಣವೂ ಇಲ್ಲ. ಅರಿವಳಿಕೆ ಕೊಟ್ಟರೆ ಆ ಕ್ಷಣದ ನೋವು ತಪ್ಪೀತು, ಹೋದ ಅಂಗ ಬರುವುದಿಲ್ಲ. ಸರ್ಕಾರಗಳು ಮೊದಲು ಕಿತ್ತುಕೊಳ್ಳಬೇಕಾದದ್ದು ಇಂಥ ವೈದ್ಯರ ಲೈಸೆನ್ಸನ್ನು. ಈ ವಿಷಯದಲ್ಲಿ ನನಗೆ ಕಿಂಚಿತ್ತೂ ದಾಕ್ಷಿಣ್ಯವಿಲ್ಲ.

ಪ್ರಶ್ನೆ: ಒಮ್ಮೆ ಬಂದ ಕಾನೂನನ್ನು ವಾಪಸು ತೆಗೆದುಕೊಳ್ಳುವ ಪ್ರಯತ್ನ ಎಲ್ಲಾದರೂ ನಡೆದಿದೆಯೇ?

ಉತ್ತರ: ಪಶ್ಚಿಮ ಆಫ್ರಿಕಾದ ಪುಟ್ಟ ದೇಶ ಗ್ಯಾಂಬಿಯಾದಲ್ಲಿ ನಡೆಯಿತು. 2015ರ ನಿಷೇಧ ಎಂಟು ವರ್ಷ ಹೆಚ್ಚುಕಡಿಮೆ ಕಾಗದದ ಮೇಲೇ ಇತ್ತು. 2023ರಲ್ಲಿ ಮೂವರು ಹೆಂಗಸರಿಗೆ ದಂಡ ಬಿದ್ದಾಗ ಒಬ್ಬ ಇಮಾಮರು ಮುಂದೆ ಬಂದು ಅದನ್ನು ಕಟ್ಟಿದರು, ಕಾನೂನೇ ಬೇಡವೆಂಬ ಕೂಗೆದ್ದಿತು. 2024ರ ಮಾರ್ಚ್‌ನಲ್ಲಿ ರದ್ದತಿ ಮಸೂದೆ 42ಕ್ಕೆ 4 ಮತಗಳಿಂದ ಮುಂದಿನ ಹಂತಕ್ಕೆ ಹೋಯಿತು. ಆ ಸಂಸತ್ತಿನ 58 ಸದಸ್ಯರಲ್ಲಿ ಹೆಂಗಸರು ಐವರು. ಆಮೇಲೆ ಸಂಸದೀಯ ಸಮಿತಿ ವೈದ್ಯರು, ಧಾರ್ಮಿಕ ಮುಖಂಡರು, ಛೇದನಕ್ಕೊಳಗಾದ ಹೆಂಗಸರು ಎಲ್ಲರ ಮಾತನ್ನೂ ಕೇಳಿತು. ಮನೆಯೊಳಗೂ ಆಡದ ಮಾತನ್ನು ಆ ಹೆಂಗಸರು ಅಪರಿಚಿತ ಗಂಡಸರ ಮುಂದೆ ಆಡಬೇಕಾಯಿತು. ಜುಲೈ 15ರಂದು ಸಂಸತ್ತು ಮಸೂದೆಯನ್ನು ತಳ್ಳಿಹಾಕಿತು.